ಬಚ್ಚಲುಮನೆಯ ಗ್ಯಾಸ್ ಗೀಸರ್ ತೆಗೆದು ಹೀಟ್ ಪಂಪ್ ಹಾಕಿಸಿದ ಅನುಭವ

ಸಂಘದ ಡಿಪೋದಲ್ಲಿ ಅಡಿಕೆ ತೂಕಕ್ಕೆ ಸರತಿ ಕಾಯುವಾಗ ಧಾರಣೆಯ ಮಾತು, ಕೊಳೆರೋಗದ ಮಾತು ಮುಗಿದ ಮೇಲೆ ಒಂದು ವರ್ಷದಿಂದೀಚೆಗೆ ಹಲವು ಸದಸ್ಯರು ನನ್ನನ್ನು ಕೇಳುತ್ತಿರುವ ಪ್ರಶ್ನೆ ಒಂದೇ: "ನಿಮ್ಮ ಬಚ್ಚಲಿನ ಹೊಸ ಯಂತ್ರ ಹೇಗಿದೆ ಮಾರಾಯ್ರೆ, ನಾವೂ ಹಾಕಿಸಬಹುದಾ?" ಇದಕ್ಕೆ ನಿಂತ ನಿಲುವಿನಲ್ಲಿ ಉತ್ತರ ಕೊಡುವುದು ಕಷ್ಟ. ಹಾಕಿಸಿ ಎಂದರೂ ಪೂರ್ತಿ ಸರಿಯಲ್ಲ, ಬೇಡ ಎಂದರೂ ಸರಿಯಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ನಡೆದದ್ದನ್ನೂ, ಕೂತು ಹಾಕಿದ ಲೆಕ್ಕವನ್ನೂ ಇಲ್ಲಿ ಬರೆದಿದ್ದೇನೆ.

ನಮ್ಮದು ಮೂರು ಎಕರೆ ಅಡಿಕೆ, ಎರಡು ಎಕರೆ ಕಾಫಿಯ ಮನೆ. ಮನೆಯಲ್ಲಿ ಐದು ಜನ. ತಂದೆಯವರ ಕಾಲದಲ್ಲಿ ಎಲ್ಲರ ಮನೆಯಂತೆ ನಮ್ಮಲ್ಲಿಯೂ ಬಚ್ಚಲಲ್ಲಿ ತಾಮ್ರದ ಹಂಡೆ, ಅದರಡಿಗೆ ಸದಾ ಬೆಂಕಿ. ಅಡಿಕೆ ಸಿಪ್ಪೆ, ಸೋಗೆಯ ದಿಂಡು, ಕಾಫಿ ಗಿಡದ ಕಸಿ ಕಡ್ಡಿ, ಬಿದ್ದ ಸಿಲ್ವರ್ ಮರದ ಕೊಂಬೆ, ಏನು ಸಿಕ್ಕಿದರೂ ಉರಿ. ಇಂಧನಕ್ಕೆ ಬರವಿರಲಿಲ್ಲ. ಬರ ಬಂದದ್ದು ಆಳಿಗೆ. ಕೊನೆ ತೆಗೆಯುವವರೇ ಸಿಗದ ಕಾಲದಲ್ಲಿ ಸೌದೆ ಒಡೆಯುವವರನ್ನು ಎಲ್ಲಿಂದ ತರುವುದು? ಹೊಗೆಯಲ್ಲಿ ಕೂತು ಊದುವ ಕೆಲಸ ಕೊನೆಗೆ ಮನೆಯ ಹೆಂಗಸರ ಪಾಲಿಗೇ ಬರುತ್ತಿತ್ತು. ಹೀಗಾಗಿ ಹತ್ತು ಹನ್ನೆರಡು ವರ್ಷದ ಹಿಂದೆ ಗೋಡೆಗೆ ತೂಗುಹಾಕುವ ಗ್ಯಾಸ್ ಗೀಸರ್ ತಂದೆವು. ನಲ್ಲಿ ತಿರುಗಿಸಿದರೆ ಬುಸ್ಸೆಂದು ಹೊತ್ತಿಕೊಂಡು ಬಿಸಿನೀರು. ಅದರ ಸುಖವನ್ನು ಸುಳ್ಳು ಎನ್ನಲಾರೆ.

ಪುನರ್ವಸು ಮಳೆಯ ಒಂದು ಸಂಜೆ ನಡೆದದ್ದು ಇಷ್ಟು. ಎರಚಲು ಹೊಡೆಯುತ್ತದೆಂದು ಬಚ್ಚಲಿನ ಗವಾಕ್ಷಿಗೆ ಗೋಣಿಚೀಲ ತುರುಕಿದವನು ನಾನೇ. ಮಗ ಸ್ನಾನ ಮಾಡಿ ಬಂದ. ಅವನ ಹಿಂದೆಯೇ ಸೊಸೆ ಹೋದಳು. ಹತ್ತು ನಿಮಿಷದ ಮೇಲೆ ಒಳಗೆ ಚೊಂಬು ಬಿದ್ದ ಸದ್ದು. ಕರೆದರೆ ಉತ್ತರವಿಲ್ಲ. ಪುಣ್ಯಕ್ಕೆ ಹಳೆಯ ಬಾಗಿಲು, ಅಗುಳಿ ಸಡಿಲವಿತ್ತು, ಎರಡನೆಯ ಒದೆತಕ್ಕೆ ಕಿತ್ತುಬಂತು. ಜಗಲಿಗೆ ತಂದು ಮಲಗಿಸಿ ಗಾಳಿ ಬೀಸಿದ ಮೇಲೆ ಕಣ್ಣು ಬಿಟ್ಟಳು. ಆ ಮಳೆಯಲ್ಲಿ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದು ಆಮ್ಲಜನಕ ಕೊಡಿಸಿ ಮರುದಿನ ಮನೆಗೆ ಕರೆತಂದೆವು. "ತಲೆ ಸಿಡಿಯುತ್ತಿತ್ತು, ಬಾಗಿಲು ತೆಗೆಯಬೇಕು ಅಂತ ಗೊತ್ತಾಗುತ್ತಿತ್ತು, ಕಾಲೇ ಏಳಲಿಲ್ಲ" ಎಂದಳು. ಆ ಮಾತು ಇನ್ನೂ ಕಿವಿಯಲ್ಲಿದೆ.

ಸಿಲಿಂಡರ್ ಸೋರಿರಲಿಲ್ಲ. ಸೋರಿದ್ದರೆ ವಾಸನೆ ಬರುತ್ತಿತ್ತು, ಅದಕ್ಕೆಂದೇ ಅಡುಗೆ ಅನಿಲಕ್ಕೆ ದುರ್ವಾಸನೆಯ ದ್ರವ್ಯ ಬೆರೆಸಿರುತ್ತಾರೆ. ಇದು ಬೇರೆ. ಉರಿಗೆ ಸಾಕಷ್ಟು ಗಾಳಿ ದೊರಕದಿದ್ದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಕಾಲಿನ ಬಲ ಹೋಗುತ್ತದೆ. ಬುದ್ಧಿ ಹೇಳಿದರೂ ಮೈ ಕೇಳುವುದಿಲ್ಲ.

ಬಚ್ಚಲಿನ ಗಾಳಿಯ ಲೆಕ್ಕ

ಈ ಲೆಕ್ಕವನ್ನು ಗೀಸರ್ ಕೊಳ್ಳುವಾಗ ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಒಂದು ಕಿಲೋ ಅಡುಗೆ ಅನಿಲ ಪೂರ್ತಿಯಾಗಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ನಿಮಿಷಕ್ಕೆ ಆರು ಲೀಟರ್ ಕೊಡುವ ಗೀಸರ್ ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಅನಿಲ ಸುಡುತ್ತದೆ. ನಮ್ಮ ಬಚ್ಚಲು ಐದಡಿ ಅಗಲ, ಆರಡಿ ಉದ್ದ, ಒಂಬತ್ತಡಿ ಎತ್ತರ. ಅಂದರೆ ಒಳಗಿರುವ ಗಾಳಿ ಏಳೂವರೆ ಘನ ಮೀಟರ್. ಇಬ್ಬರು ಒಬ್ಬರ ಹಿಂದೊಬ್ಬರು ಕಾಲು ಕಾಲು ಗಂಟೆ ನೀರು ಬಿಟ್ಟುಕೊಂಡರೆ ಅರ್ಧ ಕಿಲೋ ಅನಿಲ ಉರಿದು ಆರೂವರೆ ಘನ ಮೀಟರ್ ಗಾಳಿ ಬೇಡುತ್ತದೆ. ಗವಾಕ್ಷಿ ಮುಚ್ಚಿದ ಕೋಣೆಯಲ್ಲಿರುವ ಗಾಳಿಯ ಬಹುಪಾಲು ಅಷ್ಟಕ್ಕೇ ಮುಗಿದಂತೆ. ಅಲ್ಲಿಗೆ ತಲುಪುವ ಬಹಳ ಮುಂಚೆಯೇ ಉರಿ ಕೆಟ್ಟು ವಿಷ ಹುಟ್ಟಲು ತೊಡಗುತ್ತದೆ. ಹಂಡೆಯ ಒಲೆಯೂ ಇದೇ ವಿಷವನ್ನು ಬಿಡುತ್ತಿತ್ತು. ಆದರೆ ನಮ್ಮ ಹಿರಿಯರು ಒಲೆಯ ಬಾಯನ್ನು ಬಚ್ಚಲಿನ ಹೊರಗಿಟ್ಟಿದ್ದರು, ಮಾಡು ಹಂಚಿನದಾಗಿತ್ತು, ಸಂದುಸಂದಿನಲ್ಲಿ ಗಾಳಿ ಆಡುತ್ತಿತ್ತು. ನಾವು ತಾರಸಿ ಹಾಕಿ, ಟೈಲ್ಸ್ ಹಚ್ಚಿ, ಬಾಗಿಲಿಗೆ ರಬ್ಬರ್ ಪಟ್ಟಿ ಹೊಡೆದು ಬೆಂಕಿಯನ್ನು ಒಳಗೆ ತಂದೆವು.

ಇದನ್ನು ಓದಿದ ಮೇಲೆ ಹೀಟ್ ಪಂಪಿನ ವಿಚಾರ ಬೇಡವೆನಿಸಿದವರು ಪುಟ ಮಗುಚಬಹುದು. ಆದರೆ ಒಂದು ಕೆಲಸ ಮಾತ್ರ ಈ ವಾರವೇ ಮಾಡಿ. ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದ್ದರೆ ಅದನ್ನು ಕಿತ್ತು ಹೊರಗೋಡೆಗೆ, ಸೂರಿನಡಿ, ಗಾಳಿಯಾಡುವ ಕಡೆ ತೂಗುಹಾಕಿಸಿ. ಸಿಲಿಂಡರನ್ನೂ ಹೊರಗೇ ಇಡಿ. ಬಿಸಿನೀರಿನ ಕೊಳವೆ ಮಾತ್ರ ಒಳಗೆ ಬರಲಿ. ಪ್ಲಂಬರಿಗೆ ಒಂದು ದಿನದ ಕೆಲಸ. ಅದಾಗುವ ತನಕ ಗವಾಕ್ಷಿ ತೆರೆದಿಟ್ಟು, ನೀರನ್ನು ಬಕೆಟ್ಟಿಗೆ ತುಂಬಿಸಿ, ಗೀಸರ್ ಆರಿಸಿದ ಮೇಲೆಯೇ ಒಳಗೆ ಹೋಗಿ.

ಹೀಟ್ ಪಂಪ್ ಎಂದರೇನು?

ನಮ್ಮಲ್ಲಿ ಗೀಸರನ್ನು ಹೊರಗೆ ಹಾಕಿಸಿದರೂ ಮನೆಯವರು ಅದನ್ನು ಮುಟ್ಟಲು ಒಪ್ಪಲಿಲ್ಲ. ಸೋಲಾರ್ ನೋಡಿದೆವು. ಬಯಲುಸೀಮೆಯವರಿಗೆ ಅದರಂಥದ್ದು ಬೇರೊಂದಿಲ್ಲ. ನಮಗೆ ಬಿಸಿನೀರು ಬೇಕಾದದ್ದೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಆಗ ಸೂರ್ಯನ ಮುಖ ಕಂಡರೆ ಅದೇ ವಿಶೇಷ. ಮನೆ ಸುತ್ತ ಮರದ ನೆರಳು ಬೇರೆ. ಮಾಮೂಲಿ ಕರೆಂಟ್ ಗೀಸರ್ ಎರಡು ಮೂರು ಕಿಲೋವ್ಯಾಟ್ ಎಳೆಯುತ್ತದೆ. ಸಂಜೆ ನಮ್ಮ ಲೈನಿನಲ್ಲಿ ವೋಲ್ಟೇಜ್ 170ಕ್ಕೆ ಇಳಿದಿರುತ್ತದೆ, ಗೀಸರ್ ಹಾಕಿದರೆ ದೀಪ ಮಂಕಾಗುತ್ತದೆ. ಆಗ ಬೆಂಗಳೂರಿನಲ್ಲಿರುವ ಅಳಿಯ ಹೀಟ್ ಪಂಪಿನ ಹೆಸರು ಹೇಳಿದ.

ಹೆಸರು ಹೊಸದು, ವಸ್ತು ಹಳೆಯದು. ಫ್ರಿಜ್ಜಿನ ಹಿಂಭಾಗಕ್ಕೆ ಕೈ ಇಟ್ಟು ನೋಡಿ, ಬೆಚ್ಚಗಿರುತ್ತದೆ. ಒಳಗಿನ ಪದಾರ್ಥದ ಶಾಖವನ್ನು ಹೀರಿ ಹಿಂದಕ್ಕೆ ಎಸೆಯುವುದೇ ಫ್ರಿಜ್ಜಿನ ಕೆಲಸ. ಹೀಟ್ ಪಂಪ್ ಅದೇ ಯಂತ್ರ, ಆದರೆ ಅದು ಹೊರಗಿನ ಗಾಳಿಯ ಶಾಖವನ್ನು ಹೀರಿ ಟ್ಯಾಂಕಿನ ನೀರಿಗೆ ಎಸೆಯುತ್ತದೆ. ಕರೆಂಟು ಇಲ್ಲಿ ನೀರು ಕಾಯಿಸುವುದಿಲ್ಲ, ಶಾಖವನ್ನು ಹೊರುತ್ತದೆ ಅಷ್ಟೆ. ಬಾವಿಯಲ್ಲಿ ನೀರಿದೆ, ಪಂಪು ಅದನ್ನು ಮೇಲೆತ್ತುತ್ತದೆ, ನೀರನ್ನು ಹುಟ್ಟಿಸುವುದಿಲ್ಲವಲ್ಲ, ಹಾಗೆ. ಅದಕ್ಕೇ ಒಂದು ಯುನಿಟ್ ಕರೆಂಟಿಗೆ ಮೂರು ಯುನಿಟ್ಟಿನಷ್ಟು ಶಾಖ ಟ್ಯಾಂಕಿಗೆ ಬರುತ್ತದೆ. ಈ ಯಂತ್ರದಿಂದ ಮನೆ ಬೆಚ್ಚಗಿಡಬಹುದೆಂದು ಬ್ರಿಟನ್ನಿನ ವಿಜ್ಞಾನಿ ಲಾರ್ಡ್ ಕೆಲ್ವಿನ್ 1852ರಲ್ಲಿಯೇ ಹೇಳಿದ್ದ. ಜಪಾನಿನವರು 2001ರಿಂದ ಸ್ನಾನದ ನೀರಿಗೆಂದೇ ಇದನ್ನು ಮನೆಮನೆಗೆ ಮಾರುತ್ತಿದ್ದಾರೆ.

ಹಿಮ ಬೀಳುವ ದೇಶದಲ್ಲೇ ನಡೆಯುವ ಯಂತ್ರಕ್ಕೆ ಮಲೆನಾಡಿನ ಹವೆ ಹಬ್ಬದೂಟವಿದ್ದಂತೆ. ಮಳೆಗಾಲದಲ್ಲಿಯೂ ನಮ್ಮ ಗಾಳಿ ಇಪ್ಪತ್ತು ಡಿಗ್ರಿಯ ಆಚೀಚೆ ಇರುತ್ತದೆ. ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಅಡಿಕೆಗೆ ಬೂಸ್ಟು ಹಿಡಿಸುವ, ಪಾರ್ಚ್‌ಮೆಂಟ್ ಒಣಗಗೊಡದ ನಮ್ಮ ಗಾಳಿಯ ತೇವ ಈ ಯಂತ್ರಕ್ಕೆ ಲಾಭ. ತೇವ ತಣ್ಣನೆಯ ಸುರುಳಿಗೆ ತಾಗಿ ನೀರಾಗುವಾಗ ಲೀಟರಿಗೆ 580 ಕಿಲೋ ಕ್ಯಾಲೊರಿಯಷ್ಟು ಶಾಖ ಬಿಟ್ಟುಕೊಡುತ್ತದೆ. ಅದೂ ನೀರಿಗೇ ಸೇರುತ್ತದೆ. ಯಂತ್ರದಡಿಯ ನಳಿಗೆಯಿಂದ ಆಷಾಢದಲ್ಲಿ ತೊಟ್ಟಿಕ್ಕುವ ನೀರು ನೋಡಿದರೆ ನಂಬಿಕೆ ಬರುತ್ತದೆ. (ಆ ನೀರು ಇನ್ವರ್ಟರ್ ಬ್ಯಾಟರಿಗೆ ಆಗುತ್ತದೆಯೇ ಎಂದು ನೆರೆಯವರು ಕೇಳಿದರು. ಲೋಹದ ಸುರುಳಿಯ ಮೇಲೆ ಹರಿದ ನೀರು, ಬೇಡ.) ಡಿಸೆಂಬರ್, ಜನವರಿಯ ಬೆಳಗಿನ ಕೊರೆತಕ್ಕೆ ಮಾತ್ರ ಕೆಲಸ ಸ್ವಲ್ಪ ನಿಧಾನ, ಆಗ ಒಂದಕ್ಕೆ ಎರಡೂವರೆ. ಏಪ್ರಿಲ್ ಮಧ್ಯಾಹ್ನ ಒಂದಕ್ಕೆ ನಾಲ್ಕರ ಹತ್ತಿರ.

ದುಡ್ಡಿನ ಲೆಕ್ಕ

ಐದು ಜನರಿಗೆ ದಿನಕ್ಕೆ 150 ಲೀಟರ್ ನೀರನ್ನು 22 ಡಿಗ್ರಿಯಿಂದ 52ಕ್ಕೆ ಕಾಯಿಸಬೇಕೆಂದಿಟ್ಟುಕೊಳ್ಳಿ. 150ನ್ನು 30ರಿಂದ ಗುಣಿಸಿದರೆ 4,500 ಕಿಲೋ ಕ್ಯಾಲೊರಿ, ಅಂದರೆ 5.2 ಯುನಿಟ್ ಶಾಖ. ಅನಿಲದ ಕಿಲೋಗೆ 10,800 ಕಿಲೋ ಕ್ಯಾಲೊರಿ, ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ನೀರಿಗೆ ಸೇರುತ್ತದೆಂದು ಹಿಡಿದರೆ ದಿನಕ್ಕೆ ಅರ್ಧ ಕಿಲೋಗಿಂತ ತುಸು ಹೆಚ್ಚು. 14.2 ಕಿಲೋ ಸಿಲಿಂಡರ್ 27 ದಿನ ಬರುತ್ತದೆ. ನಮ್ಮ ಮನೆಯ ಅನುಭವವೂ ಸರಿಸುಮಾರು ಇಷ್ಟೇ. ಸಿಲಿಂಡರಿಗೆ ಸಾಗಾಟ ಸೇರಿ 900 ರೂಪಾಯಿ ಎಂದರೆ ದಿನಕ್ಕೆ 33 ರೂಪಾಯಿ. ಮಾಮೂಲಿ ಕರೆಂಟ್ ಗೀಸರಿಗೆ ಟ್ಯಾಂಕಿನ ಸೋರಿಕೆ ಸೇರಿ ಆರು ಯುನಿಟ್ ಹತ್ತಿರ, ಯುನಿಟ್ಟಿಗೆ 7 ರೂಪಾಯಿಯಂತೆ 40 ರೂಪಾಯಿ. ಹೀಟ್ ಪಂಪಿಗೆ ಎರಡು ಯುನಿಟ್, 14 ರೂಪಾಯಿ. ನಾನು ಇದಕ್ಕೆಂದೇ ಚಿಕ್ಕ ಮೀಟರ್ ಹಾಕಿಸಿದ್ದೇನೆ. ಮಳೆಗಾಲದಲ್ಲಿ ಎರಡು ಯುನಿಟ್ಟಿನ ಆಚೀಚೆಯೇ ತೋರಿಸಿದೆ.

ಗ್ಯಾಸಿಗೆ ಹೋಲಿಸಿದರೆ ದಿನಕ್ಕೆ 19 ರೂಪಾಯಿ, ವರ್ಷಕ್ಕೆ ಏಳು ಸಾವಿರದ ಹತ್ತಿರ ಉಳಿತಾಯ. ಯಂತ್ರಕ್ಕೆ ಟ್ಯಾಂಕ್, ಕೊಳವೆ, ಸ್ಟೆಬಿಲೈಸರ್ ಸೇರಿ ನಮಗೆ ಹೋದದ್ದು ಲಕ್ಷದ ಆಸುಪಾಸು. ಭಾಗಿಸಿ ನೋಡಿ, ಹದಿನಾಲ್ಕು ವರ್ಷ! ಅಷ್ಟರಲ್ಲಿ ಯಂತ್ರಕ್ಕೇ ಮುಪ್ಪು ಬಂದಿರುತ್ತದೆ. ಬೇಸಿಗೆಯಲ್ಲಿ ನಾವು ಅಷ್ಟು ಬಿಸಿನೀರು ಬಳಸುವುದೂ ಇಲ್ಲ. ಅಂಗಡಿಯವರು ಮೂರು ವರ್ಷದಲ್ಲಿ ದುಡ್ಡು ವಾಪಸು ಎಂದಿದ್ದರು. ಅವರು ಹಿಡಿದದ್ದು ಕರೆಂಟ್ ಗೀಸರಿಗೆ ಹೋಲಿಸಿ, ದಿನಕ್ಕೆ 500 ಲೀಟರ್ ಬಳಸುವ ಲೆಕ್ಕ. ಹೋಮ್‌ಸ್ಟೇ ನಡೆಸುವವರಿಗೆ, ಹನ್ನೆರಡು ಹದಿನೈದು ಜನರಿರುವ ಕೂಡುಕುಟುಂಬಕ್ಕೆ, ಲೈನ್ ಮನೆಗಳಿಗೂ ಸೇರಿ ಒಂದೇ ಟ್ಯಾಂಕ್ ಇಡುವವರಿಗೆ ಅದು ಸರಿಯಾಗಬಹುದು. ಐದು ಜನರ ಮನೆಗೆ ಬರಿಯ ಉಳಿತಾಯಕ್ಕಾಗಿ ಇದನ್ನು ಹಾಕಿಸಿ ಎಂದು ನಾನು ಹೇಳಲಾರೆ. ನಾನು ದುಡ್ಡು ಕೊಟ್ಟದ್ದು ಮನೆಯೊಳಗೆ ಬೆಂಕಿ ಬೇಡವೆಂದು, ಉಳಿತಾಯ ಅದರ ಮೇಲಿನ ಬಡ್ಡಿ.

ಗೃಹಜ್ಯೋತಿಯ ಸದಸ್ಯರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. 2023ರಲ್ಲಿ ಬಂದ ಆ ಯೋಜನೆಯಲ್ಲಿ ಉಚಿತವಾಗಿ ಸಿಗುವುದು ನಿಮ್ಮ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ತುಸು, ಎಲ್ಲರಿಗೂ 200 ಯುನಿಟ್ ಅಲ್ಲ. ಹೀಟ್ ಪಂಪ್ ತಿಂಗಳಿಗೆ 60 ಯುನಿಟ್ ಸೇರಿಸುತ್ತದೆ. ನಿಮ್ಮ ಪಾಲಿಗಿಂತ ಹೆಚ್ಚಾದದ್ದಕ್ಕೆ ಹಣ ಕಟ್ಟಬೇಕು. ಈಗಾಗಲೇ 150 ಬಳಸುವ ಮನೆಯಾದರೆ 210 ಆಗುತ್ತದೆ. 200 ದಾಟಿದ ತಿಂಗಳು ಪೂರ್ತಿ ಬಿಲ್ಲೇ ನಿಮ್ಮ ಮೇಲೆ. ಕರೆಂಟ್ ಹೇಗೂ ಬಿಟ್ಟಿಯೆಂದು ಲೆಕ್ಕ ಹಾಕಿದವರಿಗೆ ಇಲ್ಲಿ ಪೆಟ್ಟು ಬೀಳುತ್ತದೆ. ತೋಟದ ಪಂಪ್‌ಸೆಟ್ಟಿನ ಲೈನಿಗೆ ಜೋಡಿಸುವ ಬುದ್ಧಿಯನ್ನೂ ಒಬ್ಬರು ಹೇಳಿಕೊಟ್ಟರು. ಅದು ಅಪರಾಧ, ಮೇಲಾಗಿ ಆ ಲೈನಿನ ಏರಿಳಿತಕ್ಕೆ ಕಂಪ್ರೆಸರ್ ಒಂದು ಹಂಗಾಮೂ ಬಾಳುವುದಿಲ್ಲ.

ನಮ್ಮ ಕರೆಂಟು, ನಮ್ಮ ನೀರು

ಯಂತ್ರ ಎಳೆಯುವುದು ಸುಮಾರು 600 ವ್ಯಾಟ್, ಇದು ನಮ್ಮಂಥ ಲೈನಿಗೆ ವರದಾನ. ಆದರೆ ಚಾಲೂ ಆಗುವ ಗಳಿಗೆಯಲ್ಲಿ ಕಂಪ್ರೆಸರ್ ಕೆಲವು ಪಟ್ಟು ಹೆಚ್ಚು ಎಳೆಯುತ್ತದೆ, ವೋಲ್ಟೇಜ್ ಇಲ್ಲದಿದ್ದರೆ ಗುಂಯ್ಗುಟ್ಟಿ ಬಿಸಿಯಾಗಿ ಸುಡುತ್ತದೆ. ಸ್ಟೆಬಿಲೈಸರ್ ಇಲ್ಲದೆ ಹಾಕಿಸಲೇಬೇಡಿ. ಕರೆಂಟ್ ಹೋಗಿ ಬಂದ ಮೇಲೆ ಮೂರು ನಿಮಿಷ ತಡೆದು ಚಾಲೂ ಆಗುವ ಜಾತಿಯದ್ದೇ ಆಗಿರಲಿ. ನಾವು ಟೈಮರ್ ಇಟ್ಟು ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಓಡಿಸುತ್ತೇವೆ. ಆ ಹೊತ್ತಿಗೆ ವೋಲ್ಟೇಜ್ 200ರ ಮೇಲಿರುತ್ತದೆ, ಗಾಳಿಯೂ ಬೆಚ್ಚಗಿರುತ್ತದೆ. ಟ್ಯಾಂಕಿನ ಸುತ್ತ ದಪ್ಪ ಹೊದಿಕೆ ಇರುವುದರಿಂದ ಸಂಜೆಗೂ ಮರುದಿನ ಬೆಳಗಿಗೂ ನೀರು ಬಿಸಿಯೇ.

ನಲ್ಲಿ ತಿರುಗಿಸಿದೊಡನೆ ಎಷ್ಟು ಬೇಕಾದರೂ ಬರುತ್ತಿದ್ದ ಗ್ಯಾಸಿನ ಅಭ್ಯಾಸ ಬಿಡಬೇಕು. ಟ್ಯಾಂಕ್ ಬರಿದಾದರೆ ಮತ್ತೆ ಕಾಯಲು ಮೂರು ಗಂಟೆ. ಮದುವೆ, ತಿಥಿಗೆ ನೆಂಟರು ಬಂದಾಗ ಮೊದಲ ಸಲ ಇದು ನಮಗೆ ಅರ್ಥವಾಯಿತು. ಒಳಗೆ ತುರ್ತಿಗೆಂದು ಮಾಮೂಲಿ ಕಾಯಿಲ್ ಒಂದಿರುತ್ತದೆ. ಅದು ತಾನಾಗಿಯೇ ಚಾಲೂ ಆಗದಂತೆ ಮಾಡಿಸಿ, ಇಲ್ಲದಿದ್ದರೆ ಹೀಟ್ ಪಂಪಿನ ದುಡ್ಡು ಕೊಟ್ಟು ಕರೆಂಟ್ ಗೀಸರಿನ ಬಿಲ್ ಕಟ್ಟುತ್ತೀರಿ. ವಾರಕ್ಕೊಮ್ಮೆ ನೀರನ್ನು 60 ಡಿಗ್ರಿಗೆ ಏರಿಸುವುದು ಒಳ್ಳೆಯದು, ನಿಂತ ಉಗುರುಬೆಚ್ಚನೆಯ ನೀರಿನಲ್ಲಿ ರೋಗಾಣು ಬೆಳೆಯುತ್ತದೆ.

ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿದ್ದರೆ? ಒಂದು ದಿನ ಟ್ಯಾಂಕ್ ನಡೆಸುತ್ತದೆ. ಇನ್ವರ್ಟರ್ ನೆಚ್ಚಬೇಡಿ. ಒಂದು ಸಲ ಟ್ಯಾಂಕ್ ಕಾಯುವಷ್ಟರಲ್ಲಿ 150 ಆಂಪಿಯರ್-ಅವರ್ ಬ್ಯಾಟರಿ ಬರಿದು. ಆದ್ದರಿಂದ ಹಂಡೆಯನ್ನು ಗುಜರಿಗೆ ಕೊಡಬೇಡಿ. ನಮ್ಮದು ಇದ್ದಲ್ಲೇ ಇದೆ, ಒಲೆಯ ಬಾಯಿ ಹೊರಗೇ ಇದೆ. ಕಳೆದ ಆಶ್ಲೇಷ ಮಳೆಯಲ್ಲಿ ನಾಲ್ಕು ದಿನ ಅದೇ ಕಾಪಾಡಿತು.

ಬಯಲುಸೀಮೆಯಲ್ಲಿ ಗಡುಸು ನೀರಿನ ಸುಣ್ಣ ಕಟ್ಟುವುದು ತೊಂದರೆಯಾದರೆ ನಮ್ಮಲ್ಲಿ ಅದಕ್ಕೆ ತದ್ವಿರುದ್ಧ. ಜಂಬಿಟ್ಟಿಗೆ ನೆಲದ ಬಾವಿಯ ನೀರು, ಗುಡ್ಡದ ಅಬ್ಬಿಯ ನೀರು ಮೆದು, ಸ್ವಲ್ಪ ಹುಳಿ. ಅದು ಉಕ್ಕಿನ ಟ್ಯಾಂಕನ್ನು ತಿನ್ನುತ್ತದೆ. ತಿನ್ನುವುದಿದ್ದರೆ ತನ್ನನ್ನು ತಿನ್ನಲಿ ಎಂದು ಟ್ಯಾಂಕಿನೊಳಗೆ ಮೆಗ್ನೀಶಿಯಂ ಸರಳೊಂದನ್ನು ಇಟ್ಟಿರುತ್ತಾರೆ. ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ, ಸವೆದಿದ್ದರೆ ಬದಲಿಸಿ. ಇದು ಕೆಲವೇ ನೂರು ರೂಪಾಯಿಯ ಭಾಗ. ಇದನ್ನು ಮರೆತರೆ ತೂತಾಗುವುದು ಇಡೀ ಟ್ಯಾಂಕ್.

ಯಂತ್ರವನ್ನು ಸೂರಿನಡಿ, ನಾಲ್ಕು ಕಡೆ ಗಾಳಿ ಆಡುವಲ್ಲಿ ನಿಲ್ಲಿಸಬೇಕು. ಮುಚ್ಚಿದ ಕೋಣೆಯಲ್ಲಿಟ್ಟರೆ ತಾನೇ ತಣ್ಣಗೆ ಮಾಡಿದ ಗಾಳಿಯನ್ನು ತಾನೇ ಎಳೆದುಕೊಂಡು ಸೋಲುತ್ತದೆ. ಫ್ಯಾನಿನ ಸದ್ದು ಇದೆ, ಮಲಗುವ ಕೋಣೆಯ ಗೋಡೆಗೆ ಬೇಡ. ನಮ್ಮಲ್ಲಿ ಈವರೆಗೆ ಆದ ಒಂದೇ ರಿಪೇರಿಗೆ ಕಾರಣ ಹಲ್ಲಿ. ಸರ್ಕ್ಯೂಟ್ ಬೋರ್ಡಿನ ಬೆಚ್ಚನೆಗೆ ಹೋಗಿ ಕೂತು ತಾನೂ ಸತ್ತು ಬೋರ್ಡನ್ನೂ ಸುಟ್ಟಿತು. ಮೆಕ್ಯಾನಿಕ್ ಬರಲು ಹನ್ನೊಂದು ದಿನ ಹಿಡಿಯಿತು. ಆ ಮೇಲೆ ಗಾಳಿಯ ಕಿಂಡಿ ಬಿಟ್ಟು ಉಳಿದ ತೂತುಗಳಿಗೆ ಸಣ್ಣ ಜಾಲರಿ ಹೊಡೆಸಿದ್ದೇವೆ. ಮುಂಗಾರು ಪೂರ್ವದ ಗುಡುಗಿನ ದಿನಗಳಲ್ಲಿ ಪ್ಲಗ್ ಕೀಳುವುದನ್ನು ಮೊಮ್ಮಗನಿಗೆ ವಹಿಸಿದೆ. ಅರ್ಥಿಂಗ್ ಸರಿಯಿಲ್ಲದ ಹಳೇ ಮನೆಯವರು ಮೊದಲು ಅದನ್ನು ಮಾಡಿಸಿ, ಆಮೇಲೆ ಯಂತ್ರದ ಮಾತು. ಕೊಳ್ಳುವಾಗ ತಾಲ್ಲೂಕು ಕೇಂದ್ರದಲ್ಲಾದರೂ ರಿಪೇರಿಯವರು ಇದ್ದಾರೆಯೇ ಎಂದು ಕೇಳಿ, ಬೆಲೆ ಆಮೇಲೆ ಕೇಳಿದರಾಯಿತು.

ಸೋಲಾರ್ ಇರುವವರು ಅದನ್ನು ತೆಗೆಯುವ ಅಗತ್ಯವಿಲ್ಲ. ಎಂಟು ತಿಂಗಳು ಅದು ಬಿಟ್ಟಿ ನೀರು ಕೊಡುತ್ತದೆ. ಮಳೆಗಾಲದ ನಾಲ್ಕು ತಿಂಗಳಿಗೆಂದು ಲಕ್ಷ ಸುರಿಯುವುದಕ್ಕಿಂತ ಅದರ ಕಾಯಿಲ್ ಬಳಸುವುದೇ ಅಗ್ಗ.

ಅಂಗಡಿಗೆ ಹೋಗುವ ಮುಂಚೆ ಮೂರು ಸಂಜೆ, ಮೂರು ಮಧ್ಯಾಹ್ನ ನಿಮ್ಮ ಮನೆಯ ವೋಲ್ಟೇಜ್ ಬರೆದಿಟ್ಟುಕೊಳ್ಳಿ, ಹಿಂದಿನ ವರ್ಷದ ಕರೆಂಟ್ ಬಿಲ್ ಹುಡುಕಿಡಿ, ಬಚ್ಚಲಿಗೆ ತಿಂಗಳಿಗೆ ಎಷ್ಟು ಸಿಲಿಂಡರ್ ಹೋಗುತ್ತದೆಂದು ನೋಡಿಕೊಳ್ಳಿ. ಯಂತ್ರ ನೋಡಬೇಕೆನ್ನುವ ಸದಸ್ಯರು ಮಧ್ಯಾಹ್ನ ಹನ್ನೆರಡರ ಮೇಲೆ ಬಂದರೆ ಓಡುತ್ತಿರುವುದನ್ನೇ ನೋಡಬಹುದು. ಕಾಫಿ ಕೊಯ್ಲು ಮುಗಿಯುವ ತನಕ ಮಾತ್ರ ಬರುವ ಮುಂಚೆ ಹೇಳಿ ಕಳಿಸಿ, ಮನೆಯಲ್ಲಿ ಯಾರೂ ಇರುವುದಿಲ್ಲ.